ಹೆಪಟೈಟಿಸ್ ಬಿ, ಬ್ಲಂಬರ್ಗ್ ಮತ್ತು ನಮ್ಮ ನೆಲನೆಲ್ಲಿ

ನಮ್ಮ ಹಳ್ಳಿಗಳಲ್ಲಿ ಯಾರದಾದರೂ ಕಣ್ಣು ಹಳದಿಯಾದರೆ ಸಾಕು, ಮನೆಯವರು ಹಿತ್ತಿಲಿಗೆ ಹೋಗಿ ನೆಲನೆಲ್ಲಿ ಕಿತ್ತು ತರುತ್ತಾರೆ. ಬೇರುಸಮೇತ ಅರೆದು, ಹಾಲಿಗೋ ಮಜ್ಜಿಗೆಗೋ ಕಲಸಿ ಬರಿಹೊಟ್ಟೆಗೆ ಕುಡಿಸುತ್ತಾರೆ. ಈ ಪುಟ್ಟ ಗಿಡದ ಕತೆ ಅಮೆರಿಕದ ಫಿಲಡೆಲ್ಫಿಯಾದ ಪ್ರಯೋಗಾಲಯವೊಂದರ ತನಕ ಹೋಗಿದೆ. ಅಲ್ಲಿದ್ದವರು ಬರೂಕ್ ಬ್ಲಂಬರ್ಗ್. ಹೆಪಟೈಟಿಸ್ ಬಿ ವೈರಸ್ಸಿನ ಪತ್ತೆಗಾಗಿ 1976ರಲ್ಲಿ ನೊಬೆಲ್ ಪಡೆದವರು. ಅವರ ಕೆಲಸದ ಬಗ್ಗೆಯೂ ಆ ರೋಗದ ಬಗ್ಗೆಯೂ ಕೆಲವು ಮಾತುಗಳನ್ನು ತಿದ್ದಬೇಕಿದೆ.

ತಪ್ಪು ಕಲ್ಪನೆ: ಬ್ಲಂಬರ್ಗ್ ಕಾಮಾಲೆಯ ವೈರಸ್ ಹುಡುಕಲೆಂದೇ ಹೊರಟಿದ್ದರು.

ವಾಸ್ತವ: ಅವರು ವೈರಸ್ ತಜ್ಞರೇ ಅಲ್ಲ. ಒಂದೇ ರೋಗ ಒಬ್ಬರನ್ನು ಹಿಡಿದು ಇನ್ನೊಬ್ಬರನ್ನು ಬಿಡುವುದೇಕೆ ಎಂಬುದು ಅವರ ಪ್ರಶ್ನೆ. ರಕ್ತದ ಪ್ರೋಟೀನುಗಳಲ್ಲಿ ಹುಟ್ಟಿನಿಂದಲೇ ಇರುವ ವ್ಯತ್ಯಾಸ ಕಾರಣವಿರಬಹುದೆಂದು ನಾಡುನಾಡಿನ ಜನರ ರಕ್ತ ಸಂಗ್ರಹಿಸಿದರು. ಪದೇ ಪದೇ ಬೇರೆಯವರ ರಕ್ತ ಪಡೆದ ರೋಗಿಯ ದೇಹ ತನ್ನಲ್ಲಿಲ್ಲದ ಪ್ರೋಟೀನಿನ ವಿರುದ್ಧ ಪ್ರತಿಕಾಯ ಬೆಳೆಸಿಕೊಂಡಿರುತ್ತದೆ ಎಂಬುದು ಅವರ ಲೆಕ್ಕ. ಅಗಾರ್ ಪದರದಲ್ಲಿ ಸಣ್ಣ ಸಣ್ಣ ಕುಳಿ ಕೊರೆದು, ಒಂದಕ್ಕೆ ಅಂಥ ರೋಗಿಯ ಸೀರಮ್, ಪಕ್ಕದವಕ್ಕೆ ಬೇರೆ ಬೇರೆ ಜನರ ಸೀರಮ್ ಹಾಕಿ ಕಾಯುತ್ತಿದ್ದರು. ಎರಡೂ ಒಸರಿ ಬಂದು ಸಂಧಿಸಿದಲ್ಲಿ ತೆಳ್ಳಗೆ ಬಿಳಿ ಗೆರೆ ಮೂಡಿದರೆ ಅಲ್ಲೇನೋ ಇದೆ ಎಂದರ್ಥ. 1963ರಲ್ಲಿ, ಹಿಮೋಫಿಲಿಯಾ ರೋಗಿಯೊಬ್ಬರ ಸೀರಮ್ಮಿಗೂ ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ಸೀರಮ್ಮಿಗೂ ನಡುವೆ ಅಂಥ ಗೆರೆ ಮೂಡಿತು. ಆಗ ಜೊತೆಗಿದ್ದ ಹಾರ್ವೆ ಆಲ್ಟರ್ ಹೆಪಟೈಟಿಸ್ ಸಿ ಸಂಶೋಧನೆಗಾಗಿ 2020ರಲ್ಲಿ ನೊಬೆಲ್ ಹಂಚಿಕೊಂಡರು.

ತಪ್ಪು ಕಲ್ಪನೆ: 'ಆಸ್ಟ್ರೇಲಿಯಾ ಆ್ಯಂಟಿಜನ್' ಎಂದ ಮೇಲೆ ರೋಗ ಅಲ್ಲಿಂದಲೇ ಬಂದಿರಬೇಕು.

ವಾಸ್ತವ: ಇಲ್ಲ. ಆ ಗೆರೆ ಮೂಡಿಸಿದ ಪ್ರೋಟೀನಿಗೆ ಇಟ್ಟದ್ದು ರಕ್ತ ಕೊಟ್ಟವರ ನಾಡಿನ ಹೆಸರಷ್ಟೆ.

ತಪ್ಪು ಕಲ್ಪನೆ: ಗೆರೆ ಕಂಡೊಡನೆ ಗುಟ್ಟು ತಿಳಿದುಹೋಯಿತು.

ವಾಸ್ತವ: ವರ್ಷಗಳೇ ಹಿಡಿದವು. ಲ್ಯುಕೇಮಿಯಾ ರೋಗಿಗಳಲ್ಲಿ, ಡೌನ್ ಸಿಂಡ್ರೋಮ್ ಇದ್ದವರಲ್ಲಿ ಆ ಆ್ಯಂಟಿಜನ್ ಹೆಚ್ಚಾಗಿ ಸಿಕ್ಕಿದ್ದರಿಂದ ಅದು ಹುಟ್ಟುಗುಣವೆಂದೇ ತಂಡ ಎಣಿಸಿತ್ತು. 1966ರಲ್ಲಿ ಡೌನ್ ಸಿಂಡ್ರೋಮ್ ಇದ್ದ ಒಬ್ಬ ರೋಗಿಯ ರಕ್ತದಲ್ಲಿ ಮೊದಲು ಇಲ್ಲದ ಆ್ಯಂಟಿಜನ್ ಮರುಪರೀಕ್ಷೆಯಲ್ಲಿ ಕಂಡಿತು. ಹುಟ್ಟುಗುಣ ನಡುವೆ ಬದಲಾಗದು. ಆ ರೋಗಿಯನ್ನು ಪರೀಕ್ಷಿಸಿದರೆ ಹೆಪಟೈಟಿಸ್! ತಮ್ಮ ಊಹೆಯನ್ನು ಕೈಬಿಟ್ಟು ರೋಗಿಯ ರಕ್ತ ಹೇಳಿದ್ದನ್ನು ಅವರು ನಂಬಿದರು. ನನ್ನ ಮಟ್ಟಿಗೆ ಬ್ಲಂಬರ್ಗರ ದೊಡ್ಡತನ ಇರುವುದು ಇಲ್ಲಿ.

ತಪ್ಪು ಕಲ್ಪನೆ: ಕ್ಯಾನ್ಸರ್ ತಡೆಯುವ ಲಸಿಕೆ ಇನ್ನೂ ಕನಸು.

ವಾಸ್ತವ: ಹೆಪಟೈಟಿಸ್ ಬಿ ಲಸಿಕೆ ಲಿವರ್ ಕ್ಯಾನ್ಸರನ್ನೂ ತಡೆಯುತ್ತದೆ. ವೈರಸ್ ವರ್ಷಗಟ್ಟಲೆ ಲಿವರಿನಲ್ಲಿ ಉಳಿದರೆ ಸಿರೋಸಿಸ್ಸಿಗೆ, ಕ್ಯಾನ್ಸರಿಗೆ ದಾರಿಯಾಗುತ್ತದೆ. ಸೋಂಕಿತರ ರಕ್ತದಿಂದಲೇ ವೈರಸ್ಸಿನ ಹೊರಪದರದ ಕಣ, ಅಂದರೆ ಅದೇ ಆಸ್ಟ್ರೇಲಿಯಾ ಆ್ಯಂಟಿಜನ್, ಬೇರ್ಪಡಿಸಿ ಲಸಿಕೆ ಮಾಡಬಹುದೆಂದು 1969ರಲ್ಲಿ ಬ್ಲಂಬರ್ಗ್ ಮತ್ತು ಅವರ ಸಹೋದ್ಯೋಗಿ ಇರ್ವಿಂಗ್ ಮಿಲ್ಮನ್ ಸೂಚಿಸಿದರು. ಈಗ ಅದೇ ಕಣವನ್ನು ಯೀಸ್ಟ್‌ನಲ್ಲಿ ಬೆಳೆಸುತ್ತಾರೆ. ತೈವಾನ್ 1984ರಲ್ಲಿ ನವಜಾತ ಶಿಶುಗಳಿಗೆ ಲಸಿಕೆ ಶುರುಮಾಡಿತು. ಮುಂದೆ ಅಲ್ಲಿನ ಮಕ್ಕಳಲ್ಲಿ ಲಿವರ್ ಕ್ಯಾನ್ಸರ್ ಗಣನೀಯವಾಗಿ ಇಳಿಯಿತು.

ತಪ್ಪು ಕಲ್ಪನೆ: ನೆಲನೆಲ್ಲಿಯಿಂದ ಹೆಪಟೈಟಿಸ್ ಬಿ ವಾಸಿಯಾಗುತ್ತದೆಂದು ನೊಬೆಲ್ ವಿಜ್ಞಾನಿಯೇ ಹೇಳಿದ್ದಾರೆ.

ವಾಸ್ತವ: 1986ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯ ರಾಮನ್ ಪೀಠದಲ್ಲಿದ್ದ ಬ್ಲಂಬರ್ಗ್ ಈ ಗಿಡವನ್ನು ಹಗುರವಾಗಿ ಕಾಣಲಿಲ್ಲ, ಪ್ರಯೋಗಕ್ಕೆ ಒಡ್ಡಿದರು. 1988ರಲ್ಲಿ ಮದರಾಸಿನ ತ್ಯಾಗರಾಜನ್ ತಂಡದೊಂದಿಗೆ ಅವರ ಹೆಸರೂ ಇದ್ದ ವರದಿ 'ಲ್ಯಾನ್ಸೆಟ್'ನಲ್ಲಿ ಬಂತು: ಮೂವತ್ತು ದಿನ ನೆಲನೆಲ್ಲಿ ಪುಡಿ ತೆಗೆದುಕೊಂಡ 37 ಮಂದಿಯಲ್ಲಿ 22 ಮಂದಿಯ ರಕ್ತದಿಂದ ಆ್ಯಂಟಿಜನ್ ಮಾಯವಾಗಿತ್ತು. ಆಸೆ ಹುಟ್ಟಿಸುವ ಫಲಿತಾಂಶವೇ. ಆದರೆ ಬೇರೆಡೆ ನಡೆದ ಪ್ರಯೋಗಗಳಲ್ಲಿ ಅದು ಮರುಕಳಿಸಲಿಲ್ಲ. ಕಾಮಾಲೆ ಇಳಿದದ್ದಕ್ಕೆ ಗಿಡವೇ ಕಾರಣವೆನ್ನುವುದೂ ಸರಿಯಲ್ಲ: ದೊಡ್ಡವರಿಗೆ ತಗಲುವ ಹೆಪಟೈಟಿಸ್ ಬಿ ಬಹುಪಾಲು ತಾನಾಗಿಯೇ ವಾಸಿಯಾಗುತ್ತದೆ. ಹಸುಗೂಸಿಗೆ ತಗಲಿದರೆ ಹಾಗಲ್ಲ, ಹತ್ತರಲ್ಲಿ ಒಂಬತ್ತು ಮಕ್ಕಳಲ್ಲಿ ಉಳಿದುಬಿಡುತ್ತದೆ.

ತಪ್ಪು ಕಲ್ಪನೆ: ಸೋಂಕಿತರ ತಟ್ಟೆ ಲೋಟ ಬೇರೆ ಇಡಬೇಕು.

ವಾಸ್ತವ: ಬೇಡ. ಒಟ್ಟಿಗೆ ಕೂತು ಉಂಡರೆ, ಅಪ್ಪಿಕೊಂಡರೆ ಇದು ಹರಡದು. ರಕ್ತ, ಲೈಂಗಿಕ ಸಂಪರ್ಕ, ಹೆರಿಗೆಯ ಹೊತ್ತು ಇವೇ ದಾರಿ. ಬೇರೆ ಇಡಬೇಕಾದ್ದು ರೇಜರ್ ಮತ್ತು ಹಲ್ಲುಜ್ಜುವ ಬ್ರಷ್.

ಬ್ಲಂಬರ್ಗ್ ಹುಟ್ಟಿದ ಜುಲೈ 28 ಈಗ ವಿಶ್ವ ಹೆಪಟೈಟಿಸ್ ದಿನ. ಮನೆಯಲ್ಲಿ ಒಬ್ಬರಿಗೆ ಸೋಂಕಿದ್ದರೆ ಉಳಿದವರೆಲ್ಲ ರಕ್ತ ಪರೀಕ್ಷೆ ಮಾಡಿಸಿ. ಮಗು ಹುಟ್ಟಿದ 24 ಗಂಟೆಯೊಳಗೆ ಮೊದಲ ಚುಚ್ಚುಮದ್ದು ಹಾಕಿಸಿ, ಸರ್ಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ದುಡ್ಡು ಕೊಡಬೇಕಿಲ್ಲ.