ಚೀಟಿಯಿಲ್ಲದ ಗಿಡ

ಗೌರಿ ಹಬ್ಬದ ಆಸುಪಾಸಿನಲ್ಲಿ ನಮ್ಮ ದಾವಣಗೆರೆ ಜಿಲ್ಲೆಯ ಹೊನ್ನಾಳಿ ಕಡೆಯ ಬೇಲಿಗಳಲ್ಲಿ ಗೌರಿ ಹೂವಿನ ಬಳ್ಳಿ ಕಾಣುತ್ತದೆ. ಎಲೆಯ ತುದಿಯನ್ನೇ ಕುಡಿ ಮಾಡಿಕೊಂಡು ಪಕ್ಕದ ಗಿಡ ಹಿಡಿದು ಏರುವ ಬಳ್ಳಿ ಅದು. ಅರಳಿದಾಗ ಎಸಳು ಹಳದಿ, ಬರುಬರುತ್ತ ಕಡುಗೆಂಪು. ಪತ್ರಿಕೆಯ ಹಾಳೆಗಳ ನಡುವೆ ಒತ್ತಿ ಒಣಗಿಸಿದರೆ ಆ ಬಣ್ಣ ಉಳಿಯುವುದಿಲ್ಲ. ಹಾಗಾಗಿ ಸಸ್ಯಶಾಸ್ತ್ರ ಓದುವ ಹುಡುಗರಿಗೆ ನಾನು ಮೊದಲು ಕಲಿಸುವುದು ಚೀಟಿ ಬರೆಯುವುದನ್ನು. ಬಣ್ಣ, ಊರು, ತಾರೀಕು, ಮಣ್ಣು, ಊರಿನವರು ಕರೆಯುವ ಹೆಸರು, ಎಲ್ಲವನ್ನೂ ಗಿಡದ ಮುಂದೆ ನಿಂತೇ ಬರೆಯಬೇಕು. ಚೀಟಿಯಿಲ್ಲದ ಗಿಡ ಬರೀ ಒಣಹುಲ್ಲು.

ಕಾಡುಹೂ ಎಂದರೆ ಎಲ್ಲರಿಗೂ ಹಿಮಾಲಯವೇ ನೆನಪು. ಅಲ್ಲಿನ ಪುಷ್ಪಾವತಿ ನದಿಯ ಕಣಿವೆಯಲ್ಲಿ ಗಿಡ ಸಂಗ್ರಹಿಸುತ್ತಿದ್ದ ಜೋನ್ ಮಾರ್ಗರೆಟ್ ಲೆಗ್ 1939ರಲ್ಲಿ ಜಾರಿಬಿದ್ದು ತೀರಿಕೊಂಡರು. ನಮ್ಮಲ್ಲಿ ಅಂಥ ಕಡಿದಾದ ಜಾಗಗಳಿಲ್ಲ. ಗಂಗಾಮೂಲದ ಬೆಟ್ಟದಲ್ಲಿ ಹುಟ್ಟಿದ ತುಂಗೆ, ಭದ್ರೆ ಕೂಡಲಿಯಲ್ಲಿ ಒಂದಾಗಿ ಹೊನ್ನಾಳಿಗೆ ಬರುವಷ್ಟರಲ್ಲಿ ಹೊಳೆ ಬಯಲಿಗಿಳಿದಿರುತ್ತದೆ. ಆದರೂ ನ್ಯಾಮತಿ, ಚನ್ನಗಿರಿಗಳಲ್ಲಿ ಮಲೆನಾಡಿನ ಸೆರಗು ಇನ್ನೂ ಇದೆ. ಜಗಳೂರಿಗೆ ಹೋದರೆ ತಂಗಡಿಯ ಹಳದಿ, ಬಂದರಿಕೆ, ಜಾಲಿ. ಒಂದೇ ಜಿಲ್ಲೆಯಲ್ಲಿ ಎರಡು ಸೀಮೆ!

ತೊಂದರೆ ಕೊಡುವ ಗಿಡಗಳೂ ಇವೆ. ಮಂಗರವಳ್ಳಿಯ ರಸಭರಿತ ಕಾಂಡ ರಟ್ಟಿನ ನಡುವೆ ಸಿಕ್ಕಿಕೊಂಡೂ ಬೇಗ ಸಾಯುವುದಿಲ್ಲ. ಮೊದಲು ಕುದಿನೀರಿನಲ್ಲಿ ಅದ್ದಬೇಕು. ಮುತ್ತುಗ ಎಲೆ ಉದುರಿಸಿ ಹೂ ಬಿಡುವುದರಿಂದ ಅದೇ ಮರಕ್ಕೆ ಗುರುತು ಹಾಕಿ, ಎಲೆಗಾಗಿ ಮತ್ತೆ ಹೋಗಬೇಕು. ಇಂಥ ಕೆಲಸಕ್ಕೆ ತಾಳ್ಮೆಯಿಲ್ಲದವರು ಗಣಿತ ಓದುವುದೇ ವಾಸಿ.

ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಮಂಜುನಾಥ, ಕೃಷ್ಣ, ಪುಲ್ಲಯ್ಯ ಸೇರಿ ಬರೆದ ಜಿಲ್ಲೆಯ ಸಸ್ಯಸಂಪತ್ತಿನ ಪುಸ್ತಕ 2004ರಲ್ಲೇ ಬಂತು. ಅದರಲ್ಲಿ ದಾಖಲಾದ ಗಿಡ ಅದೇ ಜಾಗದಲ್ಲಿ ಇಂದೂ ಇದೆಯೇ ಎಂದು ನೋಡುವುದು ಈಗಿನ ಹುಡುಗರ ಕೆಲಸ. ಕೊಂಡುಕುರಿಗಾಗಿ 2011ರಲ್ಲಿ ವನ್ಯಜೀವಿಧಾಮವಾದ ಜಗಳೂರಿನ ರಂಗಯ್ಯನದುರ್ಗದಲ್ಲಿ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಒಂದು ಕಡ್ಡಿಯನ್ನೂ ಮುರಿಯುವಂತಿಲ್ಲ.

ಗೌರಿ ಹೂವಿನ ಗೆಡ್ಡೆಯನ್ನು ಯಾರೂ ಅಗೆಯಬೇಡಿ. ಅದರಲ್ಲಿರುವ ಕಾಲ್ಚಿಸಿನ್ ಪ್ರಾಣ ತೆಗೆಯುವ ವಿಷ. ಗೆಡ್ಡೆ ಕಿತ್ತರೆ ಬಳ್ಳಿಯೂ ಹೋಯಿತು. ಮೊಬೈಲಿನಲ್ಲಿ ಫೋಟೊ ತೆಗೆದು ಊರು, ತಾರೀಕು ಬರೆದಿಡಿ. ಫೋಟೊದಲ್ಲಿ ಹೂವಿನ ಜೊತೆ ಎಲೆಯೂ ಇರಲಿ.