ಕಾವಿಲ್ಲ, ಕಾವಲುಂಟು

“ಹಿಮದಡಿಯ ಮೀನಿನ ಮೊಟ್ಟೆಗೆ ಕಾವು ಕೊಡುವವರು ಯಾರು?” ಒಂಬತ್ತನೇ ತರಗತಿಯ ಹುಡುಗಿಯೊಬ್ಬಳ ಪ್ರಶ್ನೆ ಇದು. ಕೋಳಿಯನ್ನು ನೆನೆದು ಕೇಳಿದ್ದು. ಮೀನಿನ ಮೈಯೋ ಸುತ್ತಲಿನ ನೀರಿನಷ್ಟೇ ತಣ್ಣಗೆ. ಕೊಡಲು ಅದರ ಬಳಿ ಕಾವೇ ಇಲ್ಲ, ಇರುವುದು ಕಾವಲು.

ಆ ಕಾವಲು ಎಷ್ಟು ದೊಡ್ಡದೆಂದು ಗೊತ್ತಾದದ್ದು 2021ರ ಫೆಬ್ರವರಿಯಲ್ಲಿ. ಜರ್ಮನಿಯ ‘ಪೋಲಾರ್‌ಸ್ಟರ್ನ್’ ಹಡಗು ಅಂಟಾರ್ಕ್ಟಿಕದ ವೆಡೆಲ್ ಸಮುದ್ರದಲ್ಲಿ ಕ್ಯಾಮೆರಾವೊಂದನ್ನು ಸುಮಾರು 500 ಮೀಟರ್ ಆಳಕ್ಕೆ ಇಳಿಸಿ ಎಳೆದುಕೊಂಡು ಹೋಗುತ್ತಿತ್ತು. ಪರದೆಯ ಮೇಲೆ ಒಂದು ಗೂಡು ಕಂಡಿತು, ಪಕ್ಕದಲ್ಲಿ ಇನ್ನೊಂದು, ಆಮೇಲೆ ಗಂಟೆಗಟ್ಟಲೆ ಬರೀ ಗೂಡುಗಳೇ. ಮುಕ್ಕಾಲು ಮೀಟರ್ ಅಗಲದ, ಗೇಣುದ್ದವೂ ಆಳವಿಲ್ಲದ ದುಂಡನೆಯ ತಗ್ಗು. ತಳದಲ್ಲಿ ಸಣ್ಣ ಕಲ್ಲುಗಳ ಹಾಸು, ಅದರ ಮೇಲೆ ಸರಾಸರಿ 1,735 ಮೊಟ್ಟೆ, ಬಹುಪಾಲು ಗೂಡುಗಳಲ್ಲಿ ಕಾಯಲು ಒಂಟಿ ಮೀನು. ಅದು ಜೋನಾ ಹಿಮಮೀನು, ರಕ್ತದಲ್ಲಿ ಹಿಮೋಗ್ಲೋಬಿನ್ನೇ ಇಲ್ಲದ ಕುಲದ್ದು.

ಈ ಗೂಡುಗಳ ಬಗ್ಗೆ ವಿಜ್ಞಾನಿ ಆಟನ್ ಪರ್ಸರ್ ಮತ್ತು ಸಂಗಡಿಗರ ಪ್ರಬಂಧ 2022ರಲ್ಲಿ ಪ್ರಕಟವಾದಾಗ ‘6 ಕೋಟಿ ಗೂಡು’ ಎಂಬುದೇ ಸುದ್ದಿಯಾಯಿತು. ಅದು ಎಣಿಕೆಯಲ್ಲ, ಅಂದಾಜು. ಚಿತ್ರಗಳಲ್ಲಿ ಗುರುತಿಸಿದ್ದು 16 ಸಾವಿರ ಚಿಲ್ಲರೆ. ಉಳಿದದ್ದು 240 ಚದರ ಕಿಲೋಮೀಟರಿಗೆ ಹಿಗ್ಗಿಸಿದ ಲೆಕ್ಕ. ನನಗಂತೂ ಆ ಕೋಟಿಗಳಿಗಿಂತ 1,735 ಎಂಬ ಪುಟ್ಟ ಸಂಖ್ಯೆಯೇ ದೊಡ್ಡ ಸುದ್ದಿ.

ನಮ್ಮ ರೋಹು ಮೀನು ಮಳೆಗಾಲದಲ್ಲಿ ಲಕ್ಷಗಟ್ಟಲೆ ಮೊಟ್ಟೆ ಸುರಿದು ಹೊರಟುಬಿಡುತ್ತದೆ. ನೀರು ಬೆಚ್ಚಗಿರುವುದರಿಂದ ಒಂದು ದಿನದೊಳಗೆ ಮರಿ ಹೊರಬರುತ್ತದೆ. ಧ್ರುವದ ನೀರಿನಲ್ಲಿ ದೇಹದ ರಾಸಾಯನಿಕ ಕ್ರಿಯೆಗಳೆಲ್ಲ ನಿಧಾನ, ಭ್ರೂಣ ಬಲಿಯಲು ತಿಂಗಳುಗಳೇ ಬೇಕು. ಪಕ್ಕದೂರಿಗೆ ಹೊರಟವನಿಗೆ ಹಿಡಿ ಅವಲಕ್ಕಿ ಸಾಕು. ತಿಂಗಳುಗಟ್ಟಲೆ ನಡೆಯುವವನಿಗೆ ಬುತ್ತಿಯ ಗಂಟೇ ಬೇಕು. ಹಾಗಾಗಿ ಇಲ್ಲಿನ ಮೊಟ್ಟೆಯಲ್ಲಿ ಭಂಡಾರದ ಪಾಲು ಹೆಚ್ಚು, ಗಾತ್ರ ದೊಡ್ಡದು. ಗಂಟು ದೊಡ್ಡದಾದಷ್ಟೂ ತಾಯಿ ಕಟ್ಟಿಕೊಡಬಲ್ಲ ಗಂಟುಗಳು ಕಡಿಮೆ. ಕಡಿಮೆಯಾದ್ದರಿಂದಲೇ ಒಂದೊಂದನ್ನೂ ಕಾಯಬೇಕು.

ಹುಡುಗಿಯ ಪ್ರಶ್ನೆಗೆ ಇನ್ನೂ ಒಂದು ಉತ್ತರವಿದೆ. ಗೂಡುಗಳಿದ್ದ ಜಾಗದಲ್ಲಿ ತಳದ ನೀರು ಆಸುಪಾಸಿನದಕ್ಕಿಂತ 2 ಡಿಗ್ರಿಯವರೆಗೆ ಬೆಚ್ಚಗಿತ್ತು. ಕಾವು ಅಂತ ಏನಾದರೂ ಇದ್ದರೆ ಅದು ಸಮುದ್ರವೇ ಕೊಟ್ಟದ್ದು.

ಇಷ್ಟು ನಿಧಾನವಾಗಿ ತುಂಬುವ ಸಂತತಿಯನ್ನು ಬಲೆ ಬೇಗ ಬರಿದುಮಾಡುತ್ತದೆ. ಸೌತ್ ಜಾರ್ಜಿಯಾ ದ್ವೀಪದ ಸುತ್ತ 1970ರ ಆಸುಪಾಸಿನಲ್ಲಿ ಮಾರ್ಬಲ್ಡ್ ರಾಕ್‌ಕಾಡ್ ಮೀನಿಗೆ ಹಾಗೇ ಆಯಿತು. ಎರಡು ಮೂರು ಋತುಗಳ ಮೀನುಗಾರಿಕೆಗೇ ಅದು ಕುಸಿಯಿತು. ವೆಡೆಲ್ ಸಮುದ್ರವನ್ನು ಸಂರಕ್ಷಿತ ವಲಯವಾಗಿಸುವ ಪ್ರಸ್ತಾವವನ್ನು ಭಾರತವೂ 2021ರಲ್ಲಿ ಬೆಂಬಲಿಸಿದೆ. ಅಂಟಾರ್ಕ್ಟಿಕದ ಕಡಲಜೀವಿಗಳ ಸಂರಕ್ಷಣಾ ಆಯೋಗದ ಎಲ್ಲ ಸದಸ್ಯ ದೇಶಗಳೂ ಒಪ್ಪಿದರೆ ಮಾತ್ರ ಅದು ಜಾರಿಗೆ ಬರುತ್ತದೆ. ಅವು ಬೇಗ ಒಪ್ಪಲಿ.