ತಲೆಯೊಳಗಿನ ಒತ್ತಡ ಕಾಯುವವರು

ಹುಣಸೂರಿನಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರ್. ಪಿರಿಯಾಪಟ್ಟಣ ಇನ್ನೂ ದೂರ. ಎಚ್.ಡಿ. ಕೋಟೆಯ ಕಾಡಂಚಿನ ಡಿ.ಬಿ. ಕುಪ್ಪೆಯಿಂದ ಹೊರಟರೆ ಎರಡು ಮೂರು ಗಂಟೆ ದಾರಿಗೇ ಹೋಗುತ್ತದೆ. ಬೈಕಿನಿಂದ ಬಿದ್ದವರು, ಹೊಗೆಸೊಪ್ಪಿನ ಬ್ಯಾರನ್ನಿನಲ್ಲಿ ಮೇಲೆ ಹತ್ತಿ ಜಾರಿದವರು, ತೆಂಗಿನ ಮರದಿಂದ ಉರುಳಿದವರು, ಇವರಿಗೆಲ್ಲ ಮಿದುಳಿನ ಆಪರೇಷನ್ ಬೇಕೆಂದರೆ ಮೈಸೂರಿಗೇ ಬರಬೇಕು. ಅಲ್ಲಿಯವರೆಗೆ ಆ ಮಿದುಳನ್ನು ಕಾಯುವವರು ತಾಲ್ಲೂಕು ಆಸ್ಪತ್ರೆಯ ಸಿಸ್ಟರ್‌ಗಳು ಮತ್ತು 108ರ ಸಿಬ್ಬಂದಿ. ಆ ಕಾಯುವಿಕೆ ಎಷ್ಟು ನಾಜೂಕಿನದು ಎಂಬುದು ವಾರ್ಡಿನ ಹೊರಗೆ ಕೂತ ನಮಗೆ ಕಾಣುವುದಿಲ್ಲ.

ಮೊಣಕಾಲಿಗೆ ಏಟು ಬಿದ್ದರೆ ಊದುತ್ತದೆ, ಚರ್ಮ ಹಿಗ್ಗಿ ಜಾಗ ಕೊಡುತ್ತದೆ. ದೊಡ್ಡವರ ತಲೆಬುರುಡೆ ಹಿಗ್ಗುವುದಿಲ್ಲ. ಒಳಗಿರುವುದು ಮೂರೇ: ಹೆಚ್ಚುಕಡಿಮೆ 1,400 ಗ್ರಾಂ ಮಿದುಳು, ರಕ್ತ, ಮಿದುಳನ್ನು ಸುತ್ತುವರಿದ ತಿಳಿನೀರಿನಂಥ ದ್ರವ. ಒಂದು ಹೆಚ್ಚಾದರೆ ಇನ್ನೊಂದು ಕಡಿಮೆಯಾಗಲೇಬೇಕು. 1783ರಲ್ಲಿ ಎಡಿನ್‌ಬರೋದ ಅಲೆಕ್ಸಾಂಡರ್ ಮನ್ರೋ ಈ ಲೆಕ್ಕಕ್ಕೆ ಅಡಿಪಾಯ ಹಾಕಿದರು. ಮುಂದೆ ಅವರ ಶಿಷ್ಯ ಜಾರ್ಜ್ ಕೆಲ್ಲಿ ಅದನ್ನು ಗಟ್ಟಿ ಮಾಡಿದರು. ಒಳಗೆ ರಕ್ತ ಹೆಪ್ಪುಗಟ್ಟಿದಾಗ ಮೊದಮೊದಲು ದ್ರವ ಬೆನ್ನುಹುರಿಯ ಕಡೆಗೆ ಸರಿದು ದಾರಿ ಬಿಡುತ್ತದೆ. ಆಗ ರೋಗಿ ಎದ್ದು ಕೂತು ಕಾಫಿ ಕೇಳಬಹುದು. ಆ ಅವಕಾಶ ಮುಗಿದ ಮೇಲೆ ಒಂದೆರಡು ಚಮಚ ರಕ್ತ ಹೆಚ್ಚಾದರೂ ಸಾಕು, ಒತ್ತಡ ಧಿಗ್ಗನೆ ಏರುತ್ತದೆ. "ಈಗ ತಾನೇ ಚೆನ್ನಾಗಿ ಮಾತಾಡ್ತಿದ್ದ" ಎಂದು ಮನೆಯವರು ಅಳುವುದು ಇದಕ್ಕೇ. ಸಹಜ ಒತ್ತಡ ಪಾದರಸದ 7ರಿಂದ 15 ಮಿಲಿಮೀಟರ್. ತಲೆಗೆ ತೀವ್ರ ಪೆಟ್ಟಾದವರಲ್ಲಿ 22 ದಾಟಿದರೆ ಇಳಿಸಲು ಚಿಕಿತ್ಸೆ ಬೇಕು.

ಈ ಅಂಕಿ ತೋರಿಸುವ ಯಂತ್ರ ಇರುವುದು ದೊಡ್ಡ ಐಸಿಯುಗಳಲ್ಲಿ. ಉಳಿದ ಕಡೆ ಸಿಸ್ಟರ್‌ನ ಕಣ್ಣೇ ಯಂತ್ರ. ಅವರ ಕೈಯಲ್ಲಿರುವ ಉಪಕರಣ 1974ರಲ್ಲಿ ಗ್ಲಾಸ್ಗೋದ ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯಾನ್ ಜೆನೆಟ್ ಕೊಟ್ಟ ಅಳತೆ. ಕಣ್ಣು ತೆರೆಯುವುದಕ್ಕೆ ಗರಿಷ್ಠ 4 ಅಂಕ, ಮಾತಿಗೆ 5, ಕೈಕಾಲಿನ ಚಲನೆಗೆ 6. ಪೂರ್ತಿ ಎಚ್ಚರವಿದ್ದರೆ 15, ಏನೂ ಇಲ್ಲದಿದ್ದರೆ 3. "ಯಾವ ಊರು ನಿಂದು?" ಎಂದು ಅವರು ಪದೇಪದೇ ಕೇಳುವುದು ಕುಶಲ ವಿಚಾರಿಸಲು ಮಾತ್ರವಲ್ಲ. ಒಂದು ಗಂಟೆಯ ಹಿಂದೆ "ಸಾಲಿಗ್ರಾಮದ ಹತ್ರ" ಎಂದವನು ಈಗ ಬರೀ ನರಳಿದರೆ ಅಂಕ ಇಳಿಯಿತು, ಡಾಕ್ಟರಿಗೆ ಫೋನ್ ಹೋಯಿತು. 8ಕ್ಕಿಳಿದರೆ ಉಸಿರಿನ ದಾರಿ ಕಾಯಲು ಕೊಳವೆ ಹಾಕುವ ಮಾತು ಬರುತ್ತದೆ.

ಆಮೇಲೆ ಟಾರ್ಚ್. ಒಂದು ಕಣ್ಣಿನ ಪಾಪೆ ದೊಡ್ಡದಾಗಿ, ಬೆಳಕಿಗೆ ಕಿರಿದಾಗದಿದ್ದರೆ ಮಿದುಳು ಒಳಗೇ ಜರುಗಿ ನರವನ್ನು ಅದುಮುತ್ತಿರಬಹುದು. ಬಿಪಿ ಏರುತ್ತಾ ನಾಡಿ ನಿಧಾನವಾಗುವುದು, ಉಸಿರು ಲಯ ತಪ್ಪುವುದು ಇನ್ನೂ ಕೆಟ್ಟ ಸೂಚನೆ. 20ನೇ ಶತಮಾನದ ಆರಂಭದಲ್ಲಿ ಹಾರ್ವೆ ಕುಶಿಂಗ್ ಗುರುತಿಸಿದ್ದು ಇದನ್ನೇ. ಅರಿಯದವರಿಗೆ ನಾಡಿ ನಿಧಾನವಾದದ್ದು ಸಮಾಧಾನ ತರಬಹುದು. ಅರಿತ ಸಿಸ್ಟರ್ ಆಗಲೇ ಓಡಿರುತ್ತಾರೆ.

ನನಗೆ ಅತ್ಯಂತ ಗೌರವ ಹುಟ್ಟುವುದು ಅವರ ಕೈಗಳ ಬಗ್ಗೆ. ತಲೆಯ ಕಡೆ 30 ಡಿಗ್ರಿ ಎತ್ತಿ, ಕತ್ತನ್ನು ನೇರ ಇಡುತ್ತಾರೆ. ಕತ್ತು ಒಂದು ಬದಿಗೆ ವಾಲಿದರೂ, ಕೊಳವೆಯ ದಾರ ಬಿಗಿಯಾದರೂ, ಗದ್ದೆಗೆ ನೀರು ಬಿಡುವ ಪೈಪು ಮಡಚಿಕೊಂಡ ಹಾಗೆ ತಲೆಯಿಂದ ಇಳಿಯುವ ರಕ್ತ ತಡೆದು ಒತ್ತಡ ಏರುತ್ತದೆ. ಕತ್ತಿನ ಮೂಳೆಗೆ ಪೆಟ್ಟಾದ ಅನುಮಾನವಿದ್ದರೆ ಬೆನ್ನು ಬಗ್ಗಿಸದೆ ಇಡೀ ಮಂಚವನ್ನೇ ತಲೆ ಕಡೆ ಎತ್ತರಿಸುತ್ತಾರೆ. ಕಫ ಎಳೆಯುವ ಮೊದಲು ಆಮ್ಲಜನಕ ಕೊಟ್ಟು, 10–15 ಸೆಕೆಂಡಿನೊಳಗೆ ಮುಗಿಸುತ್ತಾರೆ. ಮೈ ಒರೆಸುವುದು, ಮಗ್ಗುಲು ಬದಲಿಸುವುದು, ಕಫ ತೆಗೆಯುವುದು ಎಲ್ಲವನ್ನೂ ಒಟ್ಟಿಗೆ ಮಾಡದೆ ನಡುವೆ ಮಿದುಳಿಗೆ ಬಿಡುವು ಕೊಡುತ್ತಾರೆ. ಜ್ವರ ಇಳಿಸುತ್ತಾರೆ. ಮುಕ್ಕಿರಿದರೂ ಒತ್ತಡ ಏರುವುದರಿಂದ ಮಲಬದ್ಧತೆಯನ್ನೂ ಲೆಕ್ಕದಲ್ಲಿಡುತ್ತಾರೆ. ರೆಪ್ಪೆ ಬಡಿಯದ ಕಣ್ಣು ಒಣಗದಂತೆ ಹನಿ ಹಾಕಿ ಮುಚ್ಚುತ್ತಾರೆ.

ಒತ್ತಡ ಇಳಿಸಲು ಡಾಕ್ಟರು ಮ್ಯಾನಿಟಾಲ್ ಎಂಬ ಔಷಧ ಬರೆದರೆ ಅಲ್ಲೂ ಒಂದು ಕುಶಲತೆಯಿದೆ. ಚಳಿಗೆ ಆ ಬಾಟಲಿಯಲ್ಲಿ ಹರಳು ಕಟ್ಟುತ್ತದೆ. ಬೆಳಕಿಗೆ ಹಿಡಿದು ನೋಡಿ, ಬೆಚ್ಚಗೆ ಮಾಡಿ ಕರಗಿಸಿ, ಮೈಯ ಬಿಸಿಗೆ ಆರಿದ ಮೇಲೆ ಫಿಲ್ಟರ್ ಇರುವ ಸೆಟ್‌ನಲ್ಲೇ ಏರಿಸಬೇಕು. ಔಷಧ ನೀರನ್ನು ಹೊರಗೆಳೆಯುವುದರಿಂದ ಮೂತ್ರದ ಅಳತೆ ಬರೆಯುತ್ತಾ ಹೋಗಬೇಕು, ಬಿಪಿ ಬೀಳಬಾರದು. ಬಿಪಿ ಬಿದ್ದರೆ ಒತ್ತಡ ಇಳಿದೂ ಮಿದುಳಿಗೆ ರಕ್ತ ಸಿಗುವುದಿಲ್ಲ.

ಈ ಒತ್ತಡ ಪೆಟ್ಟಿನಿಂದಷ್ಟೇ ಬರುವುದಲ್ಲ. ಪಾರ್ಶ್ವವಾಯು, ಗಡ್ಡೆ, ಮಿದುಳುಪೊರೆಯ ಕ್ಷಯ, ಎಲ್ಲದರಿಂದಲೂ ಬರಬಹುದು. ನಮ್ಮ ಕಡೆಯ ಒಂದು ಕಾರಣವನ್ನು ಒತ್ತಿ ಹೇಳಬೇಕು. ಬಾಣಂತಿಗೆ ನೀರು ಕೊಡಬಾರದು ಎಂಬ ಹಳೆಯ ಪಥ್ಯ ಇನ್ನೂ ಕೆಲವು ಮನೆಗಳಲ್ಲಿದೆ. ಹೆರಿಗೆಯಾದ ಮೇಲೆ ರಕ್ತ ಮೊದಲೇ ಬೇಗ ಹೆಪ್ಪುಗಟ್ಟುವಂತಿರುತ್ತದೆ. ಮೈಯ ನೀರು ಆರಿದರೆ ಮಿದುಳಿನ ರಕ್ತನಾಳದಲ್ಲೇ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ. ಬಾಣಂತಿಯ ಬಿಡದ ತಲೆನೋವು, ವಾಂತಿ, ಫಿಟ್ಸ್ ದೃಷ್ಟಿಯಲ್ಲ, ದೆವ್ವದ ಸೋಂಕಲ್ಲ. ಆಸ್ಪತ್ರೆಗೆ ಹೋಗಬೇಕಾದ ಕಾಯಿಲೆ. ಅವಳಿಗೆ ಬೇಕಾದಷ್ಟು ನೀರು ಕೊಡಿ.

ತಾಲ್ಲೂಕಿನಿಂದ ಕಳಿಸುವಾಗ ಒಳ್ಳೆಯ ಸಿಸ್ಟರ್ ಚೀಟಿಯಲ್ಲಿ ಗಂಟೆ, ಅಂಕ, ಎರಡೂ ಪಾಪೆಗಳ ಅಳತೆ, ಕೊಟ್ಟ ಔಷಧ ಎಲ್ಲವನ್ನೂ ಬರೆಯುತ್ತಾರೆ. ರೋಗಿ ಕೆಡುತ್ತಿದ್ದಾನೋ ಸುಧಾರಿಸುತ್ತಿದ್ದಾನೋ ಎಂಬುದು ಮೈಸೂರಿನ ಡಾಕ್ಟರಿಗೆ ಗೊತ್ತಾಗುವುದು ಆ ಅಂಕಿಗಳಿಂದ. ಆ ಚೀಟಿಯನ್ನು ಸ್ಕ್ಯಾನ್ ಫಿಲಂನಷ್ಟೇ ಜೋಪಾನವಾಗಿ ಒಯ್ಯಿರಿ.

ತಲೆಗೆ ಪೆಟ್ಟು ಬಿದ್ದವರು ಮತ್ತೆ ಮತ್ತೆ ವಾಂತಿ ಮಾಡಿದರೆ, ಮಂಪರಿಗೆ ಜಾರಿದರೆ, ಮಾತು ತೊದಲಿದರೆ, ಫಿಟ್ಸ್ ಬಂದರೆ ಬೆಳಗಾಗಲಿ ಎಂದು ಕಾಯಬೇಡಿ. ಬಾಯಿಗೆ ನೀರು ಹಾಕಬೇಡಿ, ಆಟೋದಲ್ಲಿ ಕತ್ತು ಮುದುರಿ ಮಲಗಿಸಬೇಡಿ. 108ಕ್ಕೆ ಕರೆ ಮಾಡಿ.